ನುಡಿದ ತಲಾಕ್, ಬರೆದ ಡಿಕ್ರಿ

ರೋಹಿಣಿ ನ್ಯಾಯಾಲಯಗಳನ್ನು ಮುಂದಿಟ್ಟುಕೊಂಡು ವಿಚ್ಛೇದನ ಕಾನೂನು ಮತ್ತು ಕಾನೂನು ನೆರವಿನ ವಿವೇಚನೆ

ಮದುವೆ ಮುರಿಯಿತು ಎಂಬ ಮಾತಿಗೆ ಭಾರತದ ಕಾನೂನಿನಲ್ಲಿ ಒಂದೇ ಅರ್ಥವಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನವೆಂದರೆ ನ್ಯಾಯಾಲಯ ಕೊಡುವ ಡಿಕ್ರಿ, ಅಂದರೆ ಪಕ್ಷಗಾರರ ಹಕ್ಕುಗಳನ್ನು ಇತ್ಯರ್ಥಪಡಿಸಿ ನ್ಯಾಯಾಧೀಶರು ಸಹಿ ಹಾಕಿದ ಆಜ್ಞೆ. ಆ ಸಹಿ ಬೀಳುವ ತನಕ ಹತ್ತು ವರ್ಷ ಬೇರೆ ಬೇರೆ ಊರಿನಲ್ಲಿ ಬಾಳಿದವರೂ ಕಾನೂನಿನ ಕಣ್ಣಿಗೆ ಗಂಡ ಹೆಂಡತಿಯೇ. ಇಸ್ಲಾಮೀ ಕಾನೂನಿನ ಕ್ರಮ ಬೇರೆ. ಅಲ್ಲಿ ನಿಕಾಹ್ ಎಂಬುದು ಸಾಕ್ಷಿಗಳ ಎದುರು ಆಡಿದ ಒಪ್ಪಿಗೆಯ ಮಾತಿನಿಂದ ಕಟ್ಟಿದ ಕರಾರಾದ್ದರಿಂದ ಅದನ್ನು ಬಿಚ್ಚುವುದೂ ಮಾತಿನಿಂದ ಸಾಧ್ಯ. ಹಲವು ಸಂದರ್ಭಗಳಲ್ಲಿ ನ್ಯಾಯಾಲಯ ವಿಚ್ಛೇದನ ಕೊಡುವುದೇ ಇಲ್ಲ, ಹೊರಗೆ ನಡೆದುಹೋದದ್ದು ನಿಜವಾಗಿ ನಡೆದಿದೆಯೇ, ನಡೆದಿದ್ದರೆ ಯಾವ ದಿನ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ಜೀವನಾಂಶ, ಮೆಹರ್, ಮರುಮದುವೆಯ ಸ್ವಾತಂತ್ರ್ಯ, ಪಡಿತರ ಚೀಟಿಯಲ್ಲಿನ ಹೆಸರು, ಇವೆಲ್ಲವೂ ಆ ಒಂದು ದಿನಾಂಕಕ್ಕೆ ಜೋತುಬಿದ್ದಿರುತ್ತವೆ. ಕಳೆದ ನಾಲ್ಕು ದಶಕಗಳ ಸಾರ್ವಜನಿಕ ಚರ್ಚೆ ಬಹುಪಾಲು ಧರ್ಮ ಮತ್ತು ಸಂವಿಧಾನಗಳ ಜಗಳವಾಗಿಯೇ ನಡೆದಿದೆ. ಆದರೆ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೆಂಗಸಿಗೆ ಮೊದಲು ಎದುರಾಗುವ ಪ್ರಶ್ನೆ, ಆಡಿದ ಮಾತಿಗೆ ಕಾಗದ ಎಲ್ಲಿದೆ ಎಂಬುದು. ಈ ಉಪನ್ಯಾಸ ಹಿಡಿದಿರುವುದು ಆ ಪ್ರಶ್ನೆಯನ್ನು.

ಅದಕ್ಕೆ ರೋಹಿಣಿಯನ್ನು ನೆಲೆಯಾಗಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1980ರ ದಶಕದಲ್ಲಿ ಸೆಕ್ಟರುಗಳಾಗಿ ಗೆರೆ ಕೊರೆದು ಎಬ್ಬಿಸಿದ ವಾಯವ್ಯ ದೆಹಲಿಯ ಈ ಉಪನಗರಕ್ಕೆ 2004ರಲ್ಲಿ ಮೆಟ್ರೊ ಬಂತು, ಮರುವರ್ಷ ಸೆಕ್ಟರ್ 14ರಲ್ಲಿ ಜಿಲ್ಲಾ ನ್ಯಾಯಾಲಯಗಳ ಸಂಕೀರ್ಣ ತೆರೆಯಿತು. ಸಂಬಳದಾರರ ಫ್ಲ್ಯಾಟುಗಳ ಪಕ್ಕದಲ್ಲೇ ಸುಲ್ತಾನ್‌ಪುರಿ, ಮಂಗೋಲ್‌ಪುರಿಗಳಂಥ ಪುನರ್ವಸತಿ ಬಡಾವಣೆಗಳಿರುವುದರಿಂದ, ಕೌಟುಂಬಿಕ ನ್ಯಾಯಾಲಯದ ಹೊರಗಿನ ಬೆಂಚಿನಲ್ಲಿ ಬ್ಯಾಂಕಿನ ಅಧಿಕಾರಿಯೂ ಬೀದಿಬದಿ ವ್ಯಾಪಾರಿಯ ಹೆಂಡತಿಯೂ ಅಕ್ಕಪಕ್ಕ ಕೂತು ತಮ್ಮ ಹೆಸರು ಕೂಗುವುದನ್ನು ಕಾಯುತ್ತಾರೆ. ಕೇಂದ್ರ ಸರ್ಕಾರದ ನೌಕರಿ, ಬ್ಯಾಂಕು, ಸಾಫ್ಟ್‌ವೇರ್ ಎಂದು ದೆಹಲಿಗೆ ಬಂದ ಕನ್ನಡ ಕುಟುಂಬಗಳಿಗೆ ಹಬ್ಬ ಹರಿದಿನಕ್ಕೆ 1948ರಿಂದಿರುವ ದೆಹಲಿ ಕರ್ನಾಟಕ ಸಂಘ ನಗರದ ದಕ್ಷಿಣದ ರಾಮಕೃಷ್ಣಪುರಂನಲ್ಲಿದೆ. ಆದರೆ ಸಂಸಾರ ಕೆಟ್ಟಾಗ ಯಾವ ನ್ಯಾಯಾಲಯ ಎಂಬುದನ್ನು ನಿರ್ಧರಿಸುವುದು ಭಾಷೆಯಲ್ಲ, ಮನೆಯ ವಿಳಾಸ. ವಾಯವ್ಯ ಮತ್ತು ಉತ್ತರ ಜಿಲ್ಲೆಗಳಲ್ಲಿ ಕೊನೆಯ ಬಾರಿ ಒಟ್ಟಿಗೆ ಬಾಳಿದವರ ಅರ್ಜಿ, ಅವರು ಹುಟ್ಟಿದ್ದು ಹಾಸನದಲ್ಲಾಗಲಿ ಕಾಸರಗೋಡಿನಲ್ಲಾಗಲಿ, ರೋಹಿಣಿಗೆ ಬಂದು ಬೀಳುತ್ತದೆ.

ಮಾತು ಮತ್ತು ಕಾಗದದ ಈ ತೊಡಕನ್ನು ಮುಸ್ಲಿಂ ಸಮಾಜದ್ದು ಮಾತ್ರ ಎಂದುಕೊಳ್ಳುವುದು ತಪ್ಪು. ಉತ್ತರ ಕರ್ನಾಟಕದ ಅನೇಕ ಜಾತಿಗಳಲ್ಲಿ ಪಂಚರ ಎದುರು ಸೋಡಚೀಟಿ ಬರೆದುಕೊಟ್ಟು ಮದುವೆ ಬಿಡಿಸುವ, ಆಮೇಲೆ ಉಡಿಕೆ, ಅಂದರೆ ಮರುಮದುವೆ, ಆಗುವ ರೂಢಿ ನ್ಯಾಯಾಲಯಗಳಿಗಿಂತ ಬಹಳ ಹಳೆಯದು. ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರಗಳ ಹಿಂದೂಗಳಿಗೆ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆಯು ನ್ಯಾಯಾಲಯದ ದಾರಿಯನ್ನು ತೆರೆದಾಗಲೂ, ಎಂಟು ವರ್ಷಗಳ ನಂತರ ಹಿಂದೂ ವಿವಾಹ ಕಾಯ್ದೆ ಇಡೀ ದೇಶಕ್ಕೆ ಬಂದಾಗಲೂ ಈ ರೂಢಿ ಅಳಿಯಲಿಲ್ಲ. ಆ ಕಾಯ್ದೆಯ 29ನೇ ಕಲಂ ರೂಢಿಗತ ವಿಚ್ಛೇದನವನ್ನು ಉಳಿಸಿಯೇ ಇದೆ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಹಿಂದಿನಿಂದ ಎಡೆಬಿಡದೆ ನಡೆದುಬಂದಿದೆ ಎಂದು ಸಾಬೀತುಪಡಿಸುವ ಹೊರೆ ಅದನ್ನು ಮುಂದಿಡುವವರ ಮೇಲಿರುವುದರಿಂದ, ಪಿಂಚಣಿ ಕಚೇರಿಯಲ್ಲೋ ಆಸ್ತಿ ವ್ಯಾಜ್ಯದಲ್ಲೋ ಸೋಡಚೀಟಿಯನ್ನು ಹೊರತೆಗೆದ ಎರಡನೆಯ ಹೆಂಡತಿ ಪಡುವ ಪಾಡಿಗೂ ತಲಾಕ್‌ನಾಮೆ ಹಿಡಿದು ನಿಂತ ಹೆಂಗಸಿನ ಪಾಡಿಗೂ ಹೆಚ್ಚು ಅಂತರವಿಲ್ಲ.

ಉಳಿದಂತೆ ಹಿಂದೂ ದಂಪತಿಯ ದಾರಿ ಬಹುಮಟ್ಟಿಗೆ ನಿಚ್ಚಳ. 13ನೇ ಕಲಮಿನಡಿ ಕ್ರೌರ್ಯ, ಪರಿತ್ಯಾಗ, ವ್ಯಭಿಚಾರಗಳಂಥ ಕಾರಣ ತೋರಿಸಬೇಕು. ಅಥವಾ ಕನಿಷ್ಠ ಒಂದು ವರ್ಷ ಬೇರೆಯಿದ್ದು 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯಿಂದ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಒಂದೇ ಅರ್ಜಿಗೆ ಆರು ತಿಂಗಳ ವಾಯಿದೆ ಬೀಳುವುದನ್ನು ಕಂಡವರಿಗೆ ದೆಹಲಿಯಲ್ಲಿ ‘ಫಸ್ಟ್ ಮೋಷನ್’, ‘ಸೆಕೆಂಡ್ ಮೋಷನ್’ ಎಂದು ಎರಡು ಬೇರೆ ಅರ್ಜಿಗಳಾಗಿ ಅದು ನಡೆಯುವುದು ಹೊಸದೆನಿಸಬಹುದು. ನಡುವಿನ ಆರು ತಿಂಗಳನ್ನು ನ್ಯಾಯಾಲಯ ಮನ್ನಿಸಬಹುದೆಂದು ಸುಪ್ರೀಂ ಕೋರ್ಟ್ 2017ರ ಅಮರ್‌ದೀಪ್ ಸಿಂಗ್ ತೀರ್ಪಿನಲ್ಲಿ ಹೇಳಿತು. ಮತ್ತೆ ಕೂಡದಷ್ಟು ಒಡೆದುಹೋದ ಮದುವೆಯನ್ನು ಸಂವಿಧಾನದ 142ನೇ ವಿಧಿಯ ಬಲದಿಂದ ತಾನೇ ಮುಗಿಸಬಲ್ಲೆನೆಂದು 2023ರ ಮೇ 1ರ ಶಿಲ್ಪಾ ಶೈಲೇಶ್ ತೀರ್ಪಿನಲ್ಲಿ ಸಾರಿತು. ಈ ಎರಡನೆಯ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇರುವಂಥದು, ರೋಹಿಣಿಯ ನ್ಯಾಯಾಧೀಶರಿಗೆ ಇಲ್ಲ. ಪತ್ರಿಕೆಯ ತಲೆಬರಹ ಓದಿಕೊಂಡು ಬರುವ ಕಕ್ಷಿದಾರರಿಗೆ ವಕೀಲರು ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮಾತಿನ ಬಗೆಗಳು

ಭಾರತದ ಮುಸ್ಲಿಮರ ವಿಚ್ಛೇದನಕ್ಕೆ 1937ರ ಷರಿಯತ್ ಅನ್ವಯ ಕಾಯ್ದೆಯ ಮೂಲಕ ಇಸ್ಲಾಮೀ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಗಂಡ ತಾನಾಗಿ ಕೊಡುವ ವಿಚ್ಛೇದನ ತಲಾಕ್. ಹೆಂಡತಿ ಶುದ್ಧಳಾಗಿರುವ ಅವಧಿಯಲ್ಲಿ ಒಮ್ಮೆ ಮಾತ್ರ ಉಚ್ಚರಿಸಿ, ಇದ್ದತ್ ಮುಗಿಯುವ ತನಕ ಅವಳಿಂದ ದೂರವಿರುವುದು ತಲಾಕ್-ಎ-ಅಹ್ಸನ್. ಮೂರು ಶುದ್ಧಿಕಾಲಗಳಲ್ಲಿ ಒಂದೊಂದು ಸಲ ಉಚ್ಚರಿಸುವುದು ತಲಾಕ್-ಎ-ಹಸನ್. ಇದ್ದತ್ ಎಂದರೆ ವಿಚ್ಛೇದಿತೆ ಮರುಮದುವೆಯಾಗದೆ ಕಾಯಬೇಕಾದ ಅವಧಿ, ಸಾಮಾನ್ಯವಾಗಿ ಮೂರು ಋತುಚಕ್ರ, ಬಸುರಿಯಾಗಿದ್ದರೆ ಹೆರಿಗೆಯ ತನಕ. ಈ ಎರಡೂ ಕ್ರಮಗಳ ಒಳಗಿರುವ ವಿವೇಕವೆಂದರೆ ಹಿಂದೆಗೆಯಲು ಬಿಟ್ಟ ಸಮಯ. ಅಹ್ಸನ್‌ನಲ್ಲಿ ಇದ್ದತ್ ಮುಗಿಯುವವರೆಗೆ, ಹಸನ್‌ನಲ್ಲಿ ಮೂರನೆಯ ಮಾತು ಹೊರಡುವವರೆಗೆ ಗಂಡ ತನ್ನ ಮಾತನ್ನು ಹಿಂಪಡೆಯಬಹುದು. ಒಂದೇ ಉಸಿರಿಗೆ ಮೂರು ಸಲ ಹೇಳುವ ತಲಾಕ್-ಎ-ಬಿದ್ದತ್ ಆ ಸಮಯವನ್ನೇ ಕಿತ್ತುಕೊಳ್ಳುತ್ತಿತ್ತು. ಶಿಯಾಗಳು ಅದನ್ನು ಎಂದೂ ಒಪ್ಪಿದವರಲ್ಲ.

ಹೆಂಡತಿಯ ಕಡೆಯಿಂದಲೂ ಮಾತಿನ ದಾರಿಗಳಿವೆ, ಅವುಗಳ ಬಗ್ಗೆ ಕನ್ನಡದಲ್ಲಿ ಕಡಿಮೆ ಬರೆಯಲಾಗಿದೆ. ಮೆಹರನ್ನು, ಅಂದರೆ ಮದುವೆಯ ನಿಮಿತ್ತ ಗಂಡ ಹೆಂಡತಿಗೆ ಕೊಡಲೇಬೇಕಾದ ಧನವನ್ನು, ಬಿಟ್ಟುಕೊಟ್ಟೋ ಹಿಂದಿರುಗಿಸಿಯೋ ಬಿಡುಗಡೆ ಕೇಳುವುದು ಖುಲಾ; ಇಬ್ಬರೂ ಸಾಕೆಂದು ಒಪ್ಪಿ ಬೇರೆಯಾಗುವುದು ಮುಬಾರತ್; ನಿಕಾಹ್‌ನ ಕರಾರಿನಲ್ಲೇ ಗಂಡ ತನ್ನ ತಲಾಕಿನ ಅಧಿಕಾರವನ್ನು ಷರತ್ತಿನ ಮೇಲೆ ಹೆಂಡತಿಗೆ ವಹಿಸಿಕೊಡುವುದು ತಲಾಕ್-ಎ-ತಫ್ವೀಜ್. ನ್ಯಾಯಾಧಿಕಾರಿ ಕಾರಣ ನೋಡಿ ಮದುವೆಯನ್ನು ರದ್ದುಮಾಡುವುದಕ್ಕೆ ಫಸ್ಖ್ ಎನ್ನುತ್ತಾರೆ. ಕೇರಳ ಹೈಕೋರ್ಟ್ 1972ರಷ್ಟು ಹಿಂದೆ ಮುಸ್ಲಿಂ ಹೆಣ್ಣಿಗೆ ನ್ಯಾಯಾಲಯದ ಹೊರಗೆ ವಿಚ್ಛೇದನವಿಲ್ಲ ಎಂದು ಹೇಳಿದ್ದನ್ನು ಅದೇ ಹೈಕೋರ್ಟಿನ ವಿಭಾಗೀಯ ಪೀಠ 2021ರ ಏಪ್ರಿಲಿನಲ್ಲಿ ತಳ್ಳಿಹಾಕಿ, ಫಸ್ಖ್ ಒಂದನ್ನು ನ್ಯಾಯಾಲಯಕ್ಕೆ ಉಳಿಸಿ, ಮಿಕ್ಕ ಮೂರನ್ನೂ ಅವಳ ಹಕ್ಕೆಂದು ಒಪ್ಪಿತು. ಕಾಸರಗೋಡಿನ ಕನ್ನಡ ಮಾತಾಡುವ ಮುಸ್ಲಿಂ ಹೆಣ್ಣುಮಕ್ಕಳಿಗೆ ನೇರವಾಗಿ ಅನ್ವಯಿಸುವ ತೀರ್ಪು ಇದು. ಅದರಲ್ಲಿ ಇನ್ನೊಂದು ಬೆಲೆಯುಳ್ಳ ಮಾತಿದೆ. ಹೀಗೆ ಹೊರಗೆ ಮುಗಿದ ಮದುವೆಯನ್ನು ಕೌಟುಂಬಿಕ ನ್ಯಾಯಾಲಯದ ಮುಂದೆ ಘೋಷಣೆಗೆ ತಂದಾಗ ಉದ್ದುದ್ದ ವಿಚಾರಣೆಗೆ ಇಳಿಯದೆ, ಮೇಲುನೋಟಕ್ಕೆ ಮಾತು ಕ್ರಮವಾಗಿ ನಡೆದಿದೆಯೇ ಎಂದಷ್ಟು ನೋಡಿ ದಾಖಲಿಸಬೇಕು ಎಂದು ಪೀಠ ಸೂಚಿಸಿತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಂ ವೈವಾಹಿಕ ಸ್ಥಿತಿಯನ್ನು ಘೋಷಿಸುವ ಅಧಿಕಾರವನ್ನು ದೇಶದ ಎಲ್ಲ ಕೌಟುಂಬಿಕ ನ್ಯಾಯಾಲಯಗಳಿಗೂ ಕೊಟ್ಟಿದೆ, ರೋಹಿಣಿಗೂ. ಮಾತು ಕಾಗದವಾಗುವ ಬಾಗಿಲು ಅದೇ.

ದಿನಾಂಕದ ಮೇಲೆ ನಿಂತ ತೀರ್ಪುಗಳು

ಅಲಹಾಬಾದಿನ ಶಮೀಮ್ ಆರಾ ಎಂಬವರ ಮೊಕದ್ದಮೆಯನ್ನು ಈ ದೃಷ್ಟಿಯಿಂದ ನಿಧಾನವಾಗಿ ಓದಬೇಕು. 1968ರಲ್ಲಿ ಮದುವೆಯಾಗಿದ್ದ ಅವರು ಜೀವನಾಂಶ ಕೇಳಿದಾಗ, ಗಂಡ 1990ರ ಡಿಸೆಂಬರ್ 5ರಂದು ಸಲ್ಲಿಸಿದ ಲಿಖಿತ ಹೇಳಿಕೆಯಲ್ಲಿ ತಾನು 1987ರ ಜುಲೈ 11ರಂದೇ ತಲಾಕ್ ಹೇಳಿಯಾಗಿದೆ ಎಂದು ಒಂದು ಸಾಲು ಬರೆಸಿದ. 1987ರಲ್ಲಿ ಆಡಿದ ಮಾತಿಗೆ ಪುರಾವೆ ಇರಲಿಲ್ಲ. ಹೈಕೋರ್ಟ್ ಮಾತ್ರ, ಹೇಳಿಕೆ ಸಲ್ಲಿಸಿದ ದಿನವೇ ತಲಾಕ್ ಆಯಿತೆಂದು ಹಿಡಿದು ಅಂದಿಗೆ ಜೀವನಾಂಶವನ್ನು ಕಡಿದುಹಾಕಿತು. 2002ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಲಾಕ್ ಎಂಬುದು ಉಚ್ಚರಿಸಬೇಕಾದ ಮಾತು, ಅದಕ್ಕೆ ಯೋಗ್ಯ ಕಾರಣವಿರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರು ರಾಜಿಗೆ ಯತ್ನಿಸಿರಬೇಕು, ಇವೆಲ್ಲ ಸಾಕ್ಷ್ಯದಿಂದ ಸಾಬೀತಾಗಬೇಕು, ಎಂದೋ ಹೇಳಿದ್ದೆ ಎಂದು ವಕೀಲರ ಕೈಯಲ್ಲಿ ಬರೆಸಿದ ಸಾಲು ತಲಾಕ್ ಆಗಲಾರದು ಎಂಬುದು ಅದರ ತೀರ್ಮಾನ. ಕುರ್‌ಆನಿನ ನಿಸಾ ಅಧ್ಯಾಯ ಹೇಳುವ ಇಬ್ಬರು ಮಧ್ಯಸ್ಥರು ಹೀಗೆ ಸಾಕ್ಷ್ಯ ಕಾನೂನಿನ ಒಳಗೆ ಬಂದು ಕೂತರು. ಮುಂದೆ ಬಂದ ಎಲ್ಲ ದೊಡ್ಡ ತೀರ್ಪುಗಳಿಗಿಂತ ಜಿಲ್ಲಾ ಮಟ್ಟದಲ್ಲಿ ಹೆಚ್ಚು ಹೆಂಗಸರ ಜೀವನಾಂಶವನ್ನು ಉಳಿಸಬಲ್ಲದ್ದು, ಅಷ್ಟೇನೂ ಹೆಸರಾಗದ ಈ ತೀರ್ಪೇ ಎನ್ನಬೇಕು.

ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಬದರ್ ದುರೇಜ್ ಅಹ್ಮದ್ ಅವರು 2007ರ ಮಸ್ರೂರ್ ಅಹ್ಮದ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಒಟ್ಟಿಗೆ ಹೇಳಿದ ಮೂರು ತಲಾಕ್‌ಗಳನ್ನು ಹಿಂಪಡೆಯಬಹುದಾದ ಒಂದೇ ತಲಾಕ್ ಎಂದು ಎಣಿಸಬೇಕೆಂದರು. ಶಾಯರಾ ಬಾನು ಪ್ರಕರಣದಲ್ಲಿ 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಮೂವರ ಬಹುಮತದಿಂದ ತಲಾಕ್-ಎ-ಬಿದ್ದತ್ತನ್ನು ತೊಡೆದುಹಾಕಿದ್ದು ಎಲ್ಲರಿಗೂ ಗೊತ್ತಿದೆ. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ಖೇಹರ್ ಅವರ ಜೊತೆಗಿದ್ದವರು ಮೂಡುಬಿದಿರೆ ಬಳಿಯ ಬೆಳುವಾಯಿಯ, ಕರ್ನಾಟಕ ಹೈಕೋರ್ಟಿನಿಂದ ಬಂದಿದ್ದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಎಂಬುದು ಅಷ್ಟು ಗೊತ್ತಿಲ್ಲ. ಆ ಭಿನ್ನಮತವು ಪದ್ಧತಿಯನ್ನು ಮೆಚ್ಚಿದ್ದಲ್ಲ. ಅದನ್ನು ಕೀಳುವ ಕೆಲಸ ಸಂಸತ್ತಿನದು ಎಂದಿತು. ಸಂಸತ್ತು 2019ರಲ್ಲಿ ಮುಸ್ಲಿಂ ಮಹಿಳೆಯರ ವಿವಾಹ ಹಕ್ಕುಗಳ ಸಂರಕ್ಷಣಾ ಕಾಯ್ದೆ ತಂದು, ತಕ್ಷಣದ ತ್ರಿವಳಿ ತಲಾಕನ್ನು ಅದು ಬಾಯಿಮಾತಾಗಲಿ, ಕಾಗದವಾಗಲಿ, ಮೊಬೈಲ್ ಸಂದೇಶವಾಗಲಿ, ಶೂನ್ಯವೆಂದು ಸಾರಿ, ಮೂರು ವರ್ಷಗಳ ತನಕ ಸೆರೆವಾಸ ವಿಧಿಸಬಹುದಾದ ಅಪರಾಧವೆಂದಿತು; ಹಿಂದಿನ ದಿನಾಂಕದಿಂದಲೇ, ಅಂದರೆ 2018ರ ಸೆಪ್ಟೆಂಬರ್ 19ರಿಂದ, ಅದು ಜಾರಿಯಲ್ಲಿದೆ.

ಇಲ್ಲೊಂದು ತೊಡಕು ಕಾಣದಂತೆ ಉಳಿದುಬಿಟ್ಟಿದೆ. ಮಾತು ಶೂನ್ಯವಾದರೆ ಮದುವೆ ಉಳಿಯಿತು ಎಂದರ್ಥ. ಮೂರು ಸಲ ತಲಾಕ್ ಕೇಳಿಸಿಕೊಂಡು ತವರಿಗೆ ಬಂದವಳು ಕಾನೂನಿನ ಪ್ರಕಾರ ಇನ್ನೂ ಅವನ ಹೆಂಡತಿ. ಅವಳಿಗೂ ಆ ಸಂಸಾರ ಬೇಡವಾಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾದ ಮಾತ್ರಕ್ಕೆ ಬಿಡುಗಡೆ ಸಿಗುವುದಿಲ್ಲ, ಖುಲಾ ಪಡೆಯಬೇಕು ಇಲ್ಲವೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ಬೇರೆಯೇ ದಾವೆ ಹೂಡಬೇಕು. ಅವಳೂ ಅವಳ ಮಕ್ಕಳೂ ಜೀವನ ಭತ್ಯೆಗೆ ಹಕ್ಕುದಾರರೆಂದು ಅದೇ 2019ರ ಕಾಯ್ದೆಯ 5ನೇ ಕಲಂ ಹೇಳುತ್ತದೆ, ಆದರೆ ಸೆರೆಮನೆಯಲ್ಲಿರುವ ಕೂಲಿಕಾರನಿಂದ ಅದನ್ನು ವಸೂಲು ಮಾಡುವುದು ಹೇಗೆಂದು ಹೇಳುವುದಿಲ್ಲ. ಅಪರಾಧದ ಕಾನೂನು ಮುನ್ನೆಲೆಗೆ ಬಂದು ಸಿವಿಲ್ ಪರಿಹಾರ ಹಿಂದೆ ಸರಿದದ್ದು ಈ ಶಾಸನದ ದೊಡ್ಡ ಕೊರತೆ.

ಬಿಟ್ಟುಹೋದವನ ಹೆಂಡತಿ

ಮಾತೂ ಇಲ್ಲದ, ಕಾಗದವೂ ಇಲ್ಲದ ಸ್ಥಿತಿ ಇನ್ನೂ ಘೋರ. ಗಂಡ ತಲಾಕ್ ಹೇಳುವುದಿಲ್ಲ, ಮನೆಗೂ ಬರುವುದಿಲ್ಲ, ಇನ್ನೊಂದು ಸಂಸಾರ ಹೂಡಿರುತ್ತಾನೆ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಹಸೀನಾ’ ಚಿತ್ರದ ಹೆಂಗಸು ನ್ಯಾಯ ಕೇಳಿ ಹೋದದ್ದು ನ್ಯಾಯಾಲಯಕ್ಕಲ್ಲ, ಮಸೀದಿಯ ಮುತವಲ್ಲಿಯ ಬಳಿಗೆ. ಆ ಕಥೆಗಾರ್ತಿ ಹಾಸನದಲ್ಲಿ ವಕೀಲಿ ಮಾಡಿದವರೆಂಬುದನ್ನು ನೆನೆದರೆ ಆ ಆಯ್ಕೆಯ ಕಹಿ ಇನ್ನಷ್ಟು ತಿಳಿಯುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಇದರ ಇನ್ನೊಂದು ಮಗ್ಗುಲು: ಅವಳಿಗೆ ಗಂಡ ಬೇಕು, ತಂದೆಯ ಹಟಕ್ಕೆ ತಲಾಕಿನ ಮಾತು ಹೊರಬೀಳುತ್ತದೆ, ಆ ಮಾತಿನಲ್ಲಿ ಅವಳಿಗೆ ಪಾಲೇ ಇಲ್ಲ. 1980ರ ದಶಕದ ಮೊದಲಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿ ಎತ್ತಿದ ಪ್ರಶ್ನೆಗೆ ಕಾನೂನು ಉತ್ತರಿಸಲು ಎರಡು ದಶಕ ಬೇಕಾಯಿತು.

ಬಿಟ್ಟುಹೋದವನ ಹೆಂಡತಿಗೆ ಮಾತ್ರ ಉತ್ತರ ಬಹು ಹಿಂದೆಯೇ ಇತ್ತು. ದೆಹಲಿಯೂ ಸೇರಿದಂತೆ ಉತ್ತರ ಭಾರತದಲ್ಲಿ ಹೆಚ್ಚಾಗಿರುವ ಹನಫಿ ಪಂಥದ ಪ್ರಕಾರ, ಗಂಡ ಹೊಟ್ಟೆಬಟ್ಟೆಗೆ ಕೊಡದಿದ್ದರೂ ಹೆಂಡತಿಗೆ ಮದುವೆ ಬಿಡಿಸಿಕೊಳ್ಳುವ ದಾರಿ ಇರಲಿಲ್ಲ. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿ ಪಂಥ ಇದರಲ್ಲಿ ಅಷ್ಟು ಬಿಗಿಯಲ್ಲ. ಬೇರೆ ದಾರಿ ಕಾಣದ ಹೆಂಗಸರು, ಪಂಜಾಬಿನಲ್ಲಿ ವಿಶೇಷವಾಗಿ, ಧರ್ಮವನ್ನೇ ಬಿಟ್ಟು ಬಿಡುಗಡೆ ಪಡೆಯತೊಡಗಿದಾಗ ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ವಿದ್ವಾಂಸರು ಮಾಲಿಕಿ ಪಂಥದ ಉದಾರ ನಿಯಮಗಳನ್ನು ಎರವಲು ತರಬಹುದೆಂದು ಸಮ್ಮತಿಸಿದರು. ಅದರ ಫಲವೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಅವನು ಪೋಷಣೆ ಮಾಡದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸಕ್ಕೆ ಗುರಿಯಾಗಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ, ಹೀಗೆ ಕಾರಣಗಳ ಪಟ್ಟಿ ಸಾಗುತ್ತದೆ. ಉಲೇಮಾಗಳ ಒತ್ತಾಸೆಯಿಂದಲೇ ಬಂದ ಈ ಸುಧಾರಣೆಯನ್ನು ಮರೆತು, ಸುಧಾರಣೆಯೆಂದರೆ ಹೊರಗಿನಿಂದಲೇ ಬರಬೇಕೆಂದು ವಾದಿಸುವವರು ಚರಿತ್ರೆಯನ್ನು ಅರ್ಧ ಓದಿದವರು. ಹೆಂಡತಿಯದೇ ತಪ್ಪಿದ್ದರೂ ಎರಡು ವರ್ಷ ಪೋಷಣೆಯಿಲ್ಲ ಎಂಬ ಸಂಗತಿಯೊಂದೇ ಸಾಕೆಂದು ಕೇರಳ ಹೈಕೋರ್ಟಿನಲ್ಲಿದ್ದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಯೂಸುಫ್ ರಾವುತ್ತರ್ ಪ್ರಕರಣದಲ್ಲಿ ಹೇಳಿದ್ದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಎರಡು ವರ್ಷದ ಲೆಕ್ಕವೂ ಕೊನೆಗೆ ದಿನಾಂಕದ ಲೆಕ್ಕವೇ. ಗಂಡ ಕೊನೆಯ ಬಾರಿ ದುಡ್ಡು ಕಳಿಸಿದ್ದು ಎಂದು ಎಂಬುದಕ್ಕೆ ಬ್ಯಾಂಕಿನ ಪಾಸ್‌ಬುಕ್ಕೋ ಫೋನಿನ ಪಾವತಿಯ ದಾಖಲೆಯೋ ಸಾಕ್ಷಿ.

ಮೊಹಲ್ಲಾದ ಹಿರಿಯರು, ದಾರುಲ್ ಕಜಾ ಎಂಬ ಷರಿಯತ್ ಪಂಚಾಯತಿಗಳು ಕೊಡುವ ಫತ್ವಾಕ್ಕೆ ಕಾನೂನಿನ ಬಲವಿಲ್ಲ, 2014ರ ವಿಶ್ವ ಲೋಚನ್ ಮದನ್ ತೀರ್ಪಿನ ಪ್ರಕಾರ ಅದು ಒಪ್ಪಿದವರಿಗಷ್ಟೇ ಸಲಹೆ. ಆದರೂ ಅಲ್ಲಿ ಬರೆದುಕೊಟ್ಟ ಖುಲಾನಾಮೆಯನ್ನು ಎಸೆಯಬೇಕಿಲ್ಲ. ಕೌಟುಂಬಿಕ ನ್ಯಾಯಾಲಯದ ಘೋಷಣೆಗೆ ಅದು ಸಾಕ್ಷ್ಯವಾಗಬಲ್ಲದು.

ಜೀವನಾಂಶ, ತಂದೆ ಮತ್ತು ಮಗಳು

ಜೀವನಾಂಶ ಕೇಳಿದ ಷಾ ಬಾನು ಎಂಬವರಿಗೆ ಇಂದೋರಿನ ಮ್ಯಾಜಿಸ್ಟ್ರೇಟರು 1979ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅಷ್ಟು ದುಡ್ಡಿನ ಮೇಲೆ 1985ರ ಏಪ್ರಿಲ್ 23ರ ಸುಪ್ರೀಂ ಕೋರ್ಟ್ ತೀರ್ಪು ಬಂತು, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶವುಂಟು ಎಂದು. ದೇಶ ಅಲ್ಲಾಡಿತು, ಮರುವರ್ಷ ಬಂದ ಕಾಯ್ದೆ ಗಂಡನ ಹೊಣೆಯನ್ನು ಇದ್ದತ್ತಿಗೆ ಮೊಟಕುಗೊಳಿಸಿದಂತೆ ಕಂಡಿತು. 2001ರ ದಾನಿಯಲ್ ಲತೀಫಿ ತೀರ್ಪು ಆ ಕಾಯ್ದೆಯನ್ನು ಎತ್ತಿಹಿಡಿದೇ ಅದರ ಅರ್ಥವನ್ನು ಹಿಗ್ಗಿಸಿತು: ಏರ್ಪಾಡು ಮಾಡಬೇಕಾದ್ದು ಇದ್ದತ್ತಿನ ಒಳಗೆ, ಆದರೆ ಆ ಏರ್ಪಾಡು ಅವಳ ಮುಂದಿನ ಬದುಕಿಗೂ ಸಾಕಾಗುವಂತಿರಬೇಕು. ಕೊನೆಗೆ 2024ರ ಜುಲೈ 10ರಂದು, ತೆಲಂಗಾಣದಿಂದ ಬಂದ ಅಬ್ದುಲ್ ಸಮದ್ ಪ್ರಕರಣದಲ್ಲಿ, 125ನೇ ಕಲಂ ಮತ್ತು 1986ರ ಆ ಕಾಯ್ದೆ ಎರಡೂ ಅವಳಿಗೆ ತೆರೆದಿವೆ, ಯಾವುದನ್ನು ಹಿಡಿಯಬೇಕೆಂಬ ಆಯ್ಕೆ ಅವಳದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಷಾ ಬಾನು ಪೀಠದಲ್ಲಿ ಕೂತಿದ್ದ ಐವರಲ್ಲಿ ಪಾಂಡವಪುರ ಸೀಮೆಯ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ ಒಬ್ಬರು, ಮೂವತ್ತೊಂಬತ್ತು ವರ್ಷಗಳ ನಂತರದ ಪೀಠದಲ್ಲಿದ್ದವರು ಅವರ ಮಗಳು ನ್ಯಾಯಮೂರ್ತಿ ಬಿ. ವಿ. ನಾಗರತ್ನ. ಮಗಳು ಪ್ರತ್ಯೇಕವಾಗಿ ಬರೆದ ತೀರ್ಪಿನಲ್ಲಿ ಗೃಹಿಣಿಗೆ ಜಂಟಿ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಇರಬೇಕೆಂಬ ತನಕ ಮಾತು ಹೋಗಿದೆ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2021ರಲ್ಲಿ ತೀರ್ಮಾನಿಸಿದ ಬೆಂಗಳೂರಿನ ಪ್ರಕರಣ ಇನ್ನೊಂದು ಬಗೆಯ ಪಾಠ. ಐದು ಸಾವಿರ ರೂಪಾಯಿ ಮೆಹರ್ ಕೊಟ್ಟು 1991ರಲ್ಲಿ ತಲಾಕ್ ಹೇಳಿದವನು ಮೂರು ದಶಕಗಳಾದರೂ ಜೀವನಾಂಶದ ಡಿಕ್ರಿಯ ಅಮಲ್ಜಾರಿಯನ್ನು ತಡೆಯಲು ಹೆಣಗುತ್ತಿದ್ದ. ಮುಸ್ಲಿಂ ಮದುವೆ ಕರಾರೇ ಹೌದು, ಆದರೆ ಮುರಿದ ಮೇಲೂ ಹೊಣೆಗಳನ್ನು ಉಳಿಸುವ ಕರಾರು ಎಂದು ನ್ಯಾಯಾಲಯ ಅವನ ಅರ್ಜಿಯನ್ನು ದಂಡ ಸಮೇತ ತಳ್ಳಿತು. ಕಾನೂನು ಅವಳ ಪರವಾಗಿದ್ದೂ ಕೈಗೆ ದುಡ್ಡು ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ರೋಹಿಣಿಯ ಹೊಸ್ತಿಲು

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನಂತೆ ವಕೀಲರನ್ನು ಇಡುವುದು ಪಕ್ಷಗಾರರ ಹಕ್ಕಲ್ಲ, ನ್ಯಾಯಾಲಯ ಅನುಮತಿಸಬೇಕು. ಗಂಡ ಹೆಂಡಿರ ಜಗಳವನ್ನು ವಕೀಲರ ವಾದದಿಂದ ಬಿಡಿಸಿ ಸಲಹೆಗಾರರ ಕೈಗೆ ಕೊಡಬೇಕೆಂಬ ಸದುದ್ದೇಶ ಅದರ ಹಿಂದಿತ್ತು, 9ನೇ ಕಲಂ ರಾಜಿಯ ಯತ್ನವನ್ನು ಕಡ್ಡಾಯ ಮಾಡಿದ್ದೂ ಅದಕ್ಕೇ. ರೂಢಿಯಲ್ಲಿ ಅನುಮತಿ ಸಿಗುತ್ತದೆ, ವಕೀಲರಿಲ್ಲದೆ ನಿಂತವಳೇ ಸೋಲುತ್ತಾಳೆ. ಹಾಗಾಗಿ ಕಾನೂನು ನೆರವಿನ ಕಚೇರಿಯ ಕೆಲಸ ಇಲ್ಲಿ ದಾನವಲ್ಲ, ಹಕ್ಕಿನ ಜಾರಿ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯನ್ನು ಕಾರ್ಯಕ್ಕೆ ಇಳಿಸಿದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ, ಹೆಣ್ಣಾಗಿದ್ದರೆ ಸಾಕು, ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡಬೇಕೆನ್ನುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹಿಳೆ ತನಗಿದು ಅನ್ವಯಿಸದು ಎಂದುಕೊಂಡು ಹಿಂದೆ ಸರಿಯುವುದು ಸಾಮಾನ್ಯ, ಅನ್ವಯಿಸುತ್ತದೆ.

ವಾಯವ್ಯ ಮತ್ತು ಉತ್ತರ ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳೆರಡೂ ರೋಹಿಣಿಯ ಸಂಕೀರ್ಣದಲ್ಲೇ ಇವೆ. ದೆಹಲಿ ಪ್ರಾಧಿಕಾರದ ಸಹಾಯವಾಣಿ 1516, ರಾಷ್ಟ್ರೀಯ ಪ್ರಾಧಿಕಾರದ್ದು 15100. ಅರ್ಜಿ ಬರೆಯಲು ಬಾರದವರ ಬಾಯಿಮಾತನ್ನೂ ಅಲ್ಲಿ ಬರೆದುಕೊಳ್ಳಬೇಕು, ಏಳು ದಿನದೊಳಗೆ ತೀರ್ಮಾನಿಸಬೇಕು ಎಂಬುದು 2010ರ ನಿಯಮಾವಳಿಯ ಕಟ್ಟಳೆ. ವಕೀಲರ ಶುಲ್ಕ, ನ್ಯಾಯಾಲಯ ಶುಲ್ಕಗಳ ಜೊತೆಗೆ ದಾಖಲೆಗಳ ಭಾಷಾಂತರದ ಖರ್ಚೂ ನೆರವಿನೊಳಗೆ ಬರುತ್ತದೆ. ಕನ್ನಡದವರಿಗೆ ಇದು ಸಣ್ಣ ವಿಷಯವಲ್ಲ, ಒಂದು ನಿಕಾಹ್‌ನಾಮೆಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಒಂದೇ ಹಾಳೆ. ವಧೂವರರ ಮತ್ತು ಅವರ ತಂದೆಯರ ಹೆಸರು, ವಯಸ್ಸು, ವಧುವಿನ ಪರವಾಗಿ ಒಪ್ಪಿಗೆ ತಂದ ವಕೀಲ್, ಇಬ್ಬರು ಸಾಕ್ಷಿಗಳು, ಹಿಜರಿ ತಾರೀಖು, ಇಂಗ್ಲಿಷ್ ತಾರೀಖು, ಕಾಜಿಯ ಮೊಹರು, ನಡುವೆ ಮೆಹರ್‌ನ ಅಂಕಣ. ಕೇಳಿದ ತಕ್ಷಣ ಕೊಡಬೇಕಾದ ಮೆಹರಿಗೂ, ವಿಚ್ಛೇದನ ಅಥವಾ ಮರಣದಂದು ಕೊಡಬೇಕಾದ ಮೆಹರಿಗೂ ಉರ್ದುವಿನಲ್ಲಿ ಬರೆಯುವ ಪದಗಳು ಕಿವಿಗೆ ಹೆಚ್ಚುಕಡಿಮೆ ಒಂದೇ. ಒಂದನ್ನು ಐನ್ ಅಕ್ಷರದಿಂದ, ಇನ್ನೊಂದನ್ನು ಹಮ್ಜಾ ಹೊತ್ತ ವಾವ್‌ನಿಂದ ಬರೆಯುತ್ತಾರೆ. ಕನ್ನಡಕ್ಕೆ ತಂದರೆ ಎರಡೂ ‘ಮುಅಜ್ಜಲ್’ ಆಗಿಬಿಡುತ್ತವೆ. ಭಾಷಾಂತರಕಾರ ಅರ್ಥವನ್ನು ಬಿಡಿಸಿ ಬರೆಯದೆ ಪದವನ್ನು ಹಾಗೇ ಇಳಿಸಿದರೆ, ಮದುವೆಯ ಮರುದಿನವೇ ಕೇಳಬಹುದಾಗಿದ್ದ ಹಣ ವಿಚ್ಛೇದನದ ತನಕ ಮುಂದೂಡಿದ ಹಣವೆಂದು ಓದಿಸಿಕೊಳ್ಳಬಹುದು. ಮೆಹರ್ ವಸೂಲಿಗೆ ಮೂರು ವರ್ಷಗಳ ಕಾಲಮಿತಿ ಇರುವುದರಿಂದ, ಆ ಮೂರು ವರ್ಷ ಎಂದಿನಿಂದ ಎಣಿಸಬೇಕೆಂಬುದೂ ಈ ಒಂದಕ್ಷರದಿಂದ ತೀರ್ಮಾನವಾಗುತ್ತದೆ. ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ ಮೇಲೂ ಬಹಳ ಕಡೆ ಈ ಹಾಳೆಯೊಂದೇ ಪುರಾವೆ. ಮುಸ್ಲಿಂ ಮದುವೆಗೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಕರ್ನಾಟಕ ಸರ್ಕಾರ 2023ರಲ್ಲಿ ವಕ್ಫ್ ಮಂಡಳಿಗೆ ವಹಿಸಿದ್ದನ್ನು ಮರುವರ್ಷ ನವೆಂಬರಿನಲ್ಲಿ ಹೈಕೋರ್ಟ್ ತಡೆಹಿಡಿಯಿತು.

ಹಣದ ಮಾತು ಬಂದಾಗ ಇನ್ನೊಂದು ಕಾಗದ ಮುಖ್ಯವಾಗುತ್ತದೆ. 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಬಳಿಕ ಜೀವನಾಂಶದ ಅರ್ಜಿಯಲ್ಲಿ ಇಬ್ಬರೂ ಆಸ್ತಿ, ಆದಾಯ, ಖರ್ಚುಗಳ ಅಫಿಡವಿಟ್ ಸಲ್ಲಿಸಬೇಕು. ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ. 2024ರ ಜುಲೈ 1ರಿಂದ ಈ ಅರ್ಜಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿಗೆ ಬಂದಿದೆ, ಮಧ್ಯಂತರ ಜೀವನಾಂಶವನ್ನು ಸಾಧ್ಯವಾದಷ್ಟು ಅರವತ್ತು ದಿನಗಳಲ್ಲಿ ತೀರ್ಮಾನಿಸಬೇಕೆಂಬ ಮಾತು ಅಲ್ಲೂ ಉಳಿದಿದೆ. ರಾಜಿಯಾಗಲೆಂದು ಹಿರಿಯರು ಎರಡು ವರ್ಷ ಅರ್ಜಿಯನ್ನು ತಡೆದರೆ ಆ ಎರಡು ವರ್ಷದ ಹಣ ಹೋದಂತೆಯೇ.

ತವರು ಹುಬ್ಬಳ್ಳಿಯಲ್ಲಿದ್ದು ಗಂಡ ರೋಹಿಣಿಯಲ್ಲಿ ದಾವೆ ಹೂಡಿದರೆ ಏನು ಮಾಡಬೇಕೆಂಬುದು ದೆಹಲಿ ಬಿಟ್ಟು ಊರಿಗೆ ಮರಳಿದ ಹೆಣ್ಣುಮಕ್ಕಳ ದೊಡ್ಡ ಪ್ರಶ್ನೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಪ್ರಕರಣ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ಸುಪ್ರೀಂ ಕೋರ್ಟಿನದು. ಅದಕ್ಕೂ ಕಾನೂನು ನೆರವು ಸಿಗುತ್ತದೆ. 2017ರ ಮಾರ್ಚಿನಲ್ಲಿ ವರ್ಗಾವಣೆಯ ಬದಲು ವಿಡಿಯೊ ಕಾನ್ಫರೆನ್ಸ್ ಸಾಕೆಂದಿದ್ದ ಸುಪ್ರೀಂ ಕೋರ್ಟ್, ಅದೇ ವರ್ಷದ ಅಕ್ಟೋಬರಿನ ಸಂತಿನಿ ತೀರ್ಪಿನಲ್ಲಿ ರಾಜಿಯ ಹಂತದಲ್ಲಿ ಅದು ಬೇಡ, ರಾಜಿ ಮುರಿದ ಮೇಲೆ ಇಬ್ಬರೂ ಒಪ್ಪಿದರೆ ಇರಲಿ ಎಂದಿತು. ಜೀವನಾಂಶದ ಅರ್ಜಿಯನ್ನಾಗಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯನ್ನಾಗಲಿ ಅವಳು ತಾನಿರುವ ಊರಿನಲ್ಲೇ ಹಾಕಬಹುದು ಎಂಬುದನ್ನು ಮೊದಲ ದಿನವೇ ಯಾರಾದರೂ ಹೇಳಿದರೆ ಎಷ್ಟೋ ರೈಲುಪ್ರಯಾಣ ಉಳಿಯುತ್ತದೆ.

ಡಿಕ್ರಿ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಮೂವತ್ತು ದಿನಗಳ ಮೇಲ್ಮನವಿಯ ಅವಧಿಯನ್ನು ಲೆಕ್ಕ ಹಾಕಬೇಕು, ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬೇಕು, ಅದರಲ್ಲಿರುವ ಹೆಸರನ್ನು ನಿಕಾಹ್‌ನಾಮೆ ಮತ್ತು ಆಧಾರ್ ಕಾರ್ಡಿನ ಹೆಸರಿನೊಡನೆ ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಉರ್ದುವಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹಿಂದಿಗೆ ದಾಟಿ ಬಂದ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದ್ದರೂ ಪಾಸ್‌ಪೋರ್ಟ್ ಕಚೇರಿ ಅರ್ಜಿಯನ್ನು ಹಿಂದಿರುಗಿಸಬಹುದು. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ಅದೇ ನ್ಯಾಯಾಲಯಕ್ಕೆ ತಿದ್ದುಪಡಿಯ ಅರ್ಜಿ ಹಾಕಬೇಕು, ಆ ಅರ್ಜಿಗೂ ಪ್ರಾಧಿಕಾರದ ವಕೀಲರನ್ನೇ ಕೇಳಬಹುದು.